ತ. ರಾ. ಸುಬ್ಬರಾಯ

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯ (ಏಪ್ರಿಲ್ ೨೧, ೧೯೨೦ – ಏಪ್ರಿಲ್ ೧೦, ೧೯೮೪) ಕನ್ನಡದ ಪ್ರಮುಖ ಕಾದಂಬರಿಕಾರರಲ್ಲಿ ಒಬ್ಬರು. ತ.ರಾ.ಸು. ಎಂಬ ಹೆಸರಿನಿಂದಲೇ ಅವರು ಪ್ರಸಿದ್ಧರಾಗಿದ್ದಾರೆ. ಪ್ರಗತಿಶೀಲ ಪಂಥದ ಲೇಖಕರಾಗಿ ಸಾಮಾಜಿಕ ಕಾದಂಬರಿಗಳನ್ನೂ, ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನು ಆಧರಿಸಿ ಐತಿಹಾಸಿಕ ಕಾದಂಬರಿಗಳನ್ನೂ ಬರೆದರು. ಅವರ 'ದುರ್ಗಾಸ್ತಮಾನ' ಕಾದಂಬರಿಗೆ ೧೯೮೫ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 'ಹಂಸಗೀತೆ', 'ನಾಗರಹಾವು', 'ಚಂದವಳ್ಳಿಯ ತೋಟ', 'ಮಸಣದ ಹೂ' ಮೊದಲಾದ ಕಾದಂಬರಿಗಳು ಚಲನಚಿತ್ರಗಳಾಗಿ ಇನ್ನಷ್ಟು ಜನರನ್ನು ತಲುಪಿದವು. ಚಿತ್ರದುರ್ಗವೆಂಬ ಒಂದು ಊರು ಮತ್ತು ಅಲ್ಲಿ ಬಾಳಿದ ದೊರೆಗಳು, ದಳವಾಯಿಗಳು, ಕಾವಲುಗಾರರು, ಸಂಗೀತಗಾರರು ಇಂದು ಕನ್ನಡಿಗರ ನೆನಪಿನಲ್ಲಿ ಉಳಿದಿರುವ ಬಗೆಯನ್ನು ರೂಪಿಸಿದವರಲ್ಲಿ ತ.ರಾ.ಸು. ಮುಖ್ಯರು.

ಜನನ ಮತ್ತು ಮನೆತನ

ಸುಬ್ಬರಾಯರು ಹರಿಹರದ ಸಮೀಪದ ಮಲೆಬೆನ್ನೂರಿನಲ್ಲಿ ಜನಿಸಿದರು. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ಊರು, ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದ ಮೇಲೆ ಆ ಜಿಲ್ಲೆಗೆ ಸೇರಿತು. ತಂದೆ ರಾಮಸ್ವಾಮಯ್ಯ, ತಾಯಿ ಸೀತಮ್ಮ. ರಾಮಸ್ವಾಮಯ್ಯನವರು ವಕೀಲರಾಗಿದ್ದು, ಹರಿಹರದಲ್ಲಿ ವೃತ್ತಿ ನಡೆಸಿದ ನಂತರ ಚಿತ್ರದುರ್ಗಕ್ಕೆ ಬಂದು ನೆಲೆಸಿದರು.

ಮನೆತನದ ಮೂಲ ನೆಲೆ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮ. ಪೂರ್ವಿಕರು ಆಂಧ್ರದ ಕಡೆಯಿಂದ ವಲಸೆ ಬಂದವರು. ಮನೆಯ ಮಾತು ತೆಲುಗು. ಆದರೂ ತಳುಕಿನ ಈ ಕುಟುಂಬದಿಂದ ಕನ್ನಡ ಸಾಹಿತ್ಯಕ್ಕೆ ಸಂದ ಸೇವೆ ದೊಡ್ಡದು. ಸುಬ್ಬರಾಯರ ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು (೧೮೮೫–೧೯೩೯) ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ಅವರ ಗುರುಗಳಾಗಿದ್ದ ಅವರಿಗೇ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯ ಅರ್ಪಿತವಾಗಿದೆ. ವೆಂಕಣ್ಣಯ್ಯನವರ ಸೋದರ ತ.ಸು. ಶಾಮರಾಯರು ವೀರಶೈವ ಸಾಹಿತ್ಯದ ವಿದ್ವಾಂಸರು ಮತ್ತು 'ಶಿವಶರಣ ಕಥಾರತ್ನಕೋಶ'ದ ಕರ್ತೃ. ಹೆಸರಿನ ಮೊದಲಿಗೆ ತಳುಕಿನ 'ತ' ಅಕ್ಷರವನ್ನು ಇರಿಸಿಕೊಳ್ಳುವ ರೂಢಿ ಈ ಕುಟುಂಬದಲ್ಲಿತ್ತು. ಹೀಗಾಗಿ ಮಲೆಬೆನ್ನೂರಿನಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ಬೆಳೆದ ಸುಬ್ಬರಾಯರ ಹೆಸರಿನಲ್ಲಿ ಮೂರನೆಯ ಊರಾದ ತಳುಕು ಉಳಿದುಕೊಂಡಿತು.

ಬಾಲ್ಯ ಮತ್ತು ಮೊದಲ ಬರಹ

ಸುಬ್ಬರಾಯರ ಬಾಲ್ಯದ ಮೇಲೆ ಗಾಢ ಪ್ರಭಾವ ಬೀರಿದ್ದು ಚಿತ್ರದುರ್ಗದ ಕೋಟೆ. ಏಳು ಸುತ್ತಿನ ಕೋಟೆಯೆಂದು ಹೆಸರಾದ ಈ ದುರ್ಗವು ಊರಿಗೆ ಅಂಟಿಕೊಂಡಂತೆಯೇ ಬೆಟ್ಟಗಳ ಸಾಲಿನ ಮೇಲೆ ಹಬ್ಬಿದೆ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ ದೇವಾಲಯಗಳು, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ, ಬುರುಜುಗಳು, ಬತೇರಿಗಳು, ಕಣಜಗಳು, ಬಂಡೆಗಳ ನಡುವಿನ ಕಿಂಡಿಗಳು ಇವೆಲ್ಲವೂ ಊರಿನ ಜನರ ದಿನಬಳಕೆಯ ಮಾತಿಗೆ ಸೇರಿದ ಸ್ಥಳಗಳು. ಕೋಟೆಯ ಪಶ್ಚಿಮಕ್ಕಿರುವ ಚಂದ್ರವಳ್ಳಿಯ ಕಣಿವೆಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಸುಬ್ಬರಾಯರು ಇನ್ನೂ ಬಾಲಕರಾಗಿದ್ದಾಗಲೇ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಇಲ್ಲಿ ಉತ್ಖನನ ಕೈಗೊಂಡಿದ್ದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಅಗೆತ ನಡೆಸಿದರು.

ಇದೇ ಅವಧಿಯಲ್ಲಿ ದುರ್ಗದ ನಾಯಕರ ಇತಿಹಾಸವನ್ನು ಸಂಗ್ರಹಿಸುವ ಕೆಲಸವೂ ನಡೆದಿತ್ತು. ಎಂ.ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಗ್ರಂಥ ರಚಿಸಿದ್ದರು. ಸ್ಥಳೀಯ ಸಂಶೋಧಕರಾದ ಹುಲ್ಲೂರು ಶ್ರೀನಿವಾಸ ಜೋಯಿಸರು ಶಾಸನ, ಬಖೈರು, ಕೈಫಿಯತ್ತುಗಳನ್ನು ಕಲೆಹಾಕುವುದರಲ್ಲಿ ತೊಡಗಿದ್ದರು. ಹೀಗೆ ಸುಬ್ಬರಾಯರು ಬೆಳೆದ ಊರಿನಲ್ಲಿ ಕೋಟೆಯೂ ಇತ್ತು, ಕೋಟೆಯನ್ನು ಕುರಿತ ಹೇಳಿಕೆಗಳೂ ಇದ್ದವು, ಅವುಗಳನ್ನು ದಾಖಲೆಗೆ ತರುವ ವಿದ್ವಾಂಸರೂ ಇದ್ದರು.

ಹದಿನೇಳರ ವಯಸ್ಸಿನಲ್ಲಿ ದೊಡ್ಡಪ್ಪ ವೆಂಕಣ್ಣಯ್ಯನವರೊಡನೆ ಕಟ್ಟಿದ ಪಂಥದ ಫಲವಾಗಿ ಸುಬ್ಬರಾಯರು 'ಪುಟ್ಟನ ಚೆಂಡು' ಎಂಬ ಕಥೆಯನ್ನು ಬರೆದರು. ಅದನ್ನು ಮೆಚ್ಚಿದ ವೆಂಕಣ್ಣಯ್ಯನವರು ಒಂದು ರೂಪಾಯಿ ಬಹುಮಾನ ನೀಡಿದರು. ಇದೇ ಅವರ ಮೊದಲ ಕಥೆ. ಇದಾದ ಕೆಲವೇ ವರ್ಷಗಳಲ್ಲಿ, ೧೯೩೯ರಲ್ಲಿ, ವೆಂಕಣ್ಣಯ್ಯನವರು ನಿಧನ ಹೊಂದಿದರು.

ಸ್ವಾತಂತ್ರ್ಯ ಚಳವಳಿ ಮತ್ತು ಪತ್ರಿಕಾವೃತ್ತಿ

ಸುಬ್ಬರಾಯರು ವಿದ್ಯಾರ್ಥಿ ದೆಸೆಯಲ್ಲಿಯೇ ರಾಷ್ಟ್ರೀಯ ಚಳವಳಿಯತ್ತ ಆಕರ್ಷಿತರಾಗಿದ್ದರು. ಮಗ ಓದು ಮುಗಿಸಬೇಕೆಂಬುದು ತಂದೆಯ ಬಯಕೆಯಾಗಿತ್ತು. ಆದರೆ ೧೯೪೨ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಅವರು ವ್ಯಾಸಂಗವನ್ನು ತೊರೆದು ಅದರಲ್ಲಿ ಧುಮುಕಿದರು ಮತ್ತು ಬಂಧನಕ್ಕೊಳಗಾಗಿ ಸೆರೆವಾಸ ಅನುಭವಿಸಿದರು. ಬಿಟ್ಟ ಓದನ್ನು ಅವರು ಮತ್ತೆ ಮುಂದುವರಿಸಲಿಲ್ಲ. ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ವಿಶ್ವವಿದ್ಯಾನಿಲಯದ ವಿದ್ವಾಂಸರಾಗಿದ್ದ ಮನೆತನದಲ್ಲಿ ಸುಬ್ಬರಾಯರು ಪದವಿಯಿಲ್ಲದೆ, ಬರವಣಿಗೆಯೊಂದನ್ನೇ ನಂಬಿ ಬದುಕುವ ದಾರಿಯನ್ನು ಹಿಡಿದರು.

ಬಿಡುಗಡೆಯ ನಂತರ ಪತ್ರಿಕೆಗಳಲ್ಲಿ ಕೆಲಸ ಮಾಡಿದರು. ಅನಂತರ ಕಾದಂಬರಿ ರಚನೆಯೇ ಅವರ ಪೂರ್ಣಕಾಲದ ವೃತ್ತಿಯಾಯಿತು. 'ಮನೆಗೆ ಬಂದ ಮಹಾಲಕ್ಷ್ಮಿ' ಅವರ ಮೊದಲ ಕಾದಂಬರಿ. ಅವರ ಪತ್ನಿ ಅಂಬುಜಾ ಅವರೂ ಲೇಖಕಿ.

ಪ್ರಗತಿಶೀಲ ಪಂಥ ಮತ್ತು ಸಾಮಾಜಿಕ ಕಾದಂಬರಿಗಳು

೧೯೪೦ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳುತನದಲ್ಲಿ ಕನ್ನಡದಲ್ಲಿ ಪ್ರಗತಿಶೀಲ ಸಾಹಿತ್ಯ ಚಳವಳಿ ರೂಪುಗೊಂಡಿತು. ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ, ಚದುರಂಗ ಮೊದಲಾದವರು ಈ ಚಳವಳಿಯ ಮುಖ್ಯ ಲೇಖಕರು. ಬಡತನ, ಶೋಷಣೆ, ವೇಶ್ಯಾವೃತ್ತಿ, ಜಾತಿಭೇದಗಳನ್ನು ಮರೆಮಾಚದೆ ಬರೆಯುವುದು, ಸಾಹಿತ್ಯವನ್ನು ಪಂಡಿತರ ವಲಯದಿಂದ ಸಾಮಾನ್ಯ ಓದುಗರ ಬಳಿಗೆ ಒಯ್ಯುವುದು ಈ ಲೇಖಕರ ಗುರಿಯಾಗಿತ್ತು. ಅ.ನ.ಕೃ. ಅವರ ಪ್ರಭಾವ ತ.ರಾ.ಸು. ಅವರ ಮೇಲೆ ವಿಶೇಷವಾಗಿತ್ತು.

'ಮಸಣದ ಹೂ' ಕಾದಂಬರಿಯಲ್ಲಿ ವೇಶ್ಯಾವಾಟಿಕೆಗೆ ತಳ್ಳಲ್ಪಟ್ಟ ಹೆಣ್ಣಿನ ಬದುಕು ಚಿತ್ರಿತವಾಗಿದೆ. 'ಚಂದವಳ್ಳಿಯ ತೋಟ' ಹಳ್ಳಿಯ ಕೂಡುಕುಟುಂಬವೊಂದು ಒಡೆಯುವ ಕಥೆ. 'ಗಾಳಿಮಾತು' ಬುಡವಿಲ್ಲದ ಅಪವಾದವೊಂದು ಬದುಕನ್ನು ಕೆಡಿಸುವ ಬಗೆಯನ್ನು ಹೇಳುತ್ತದೆ. 'ಬಿಡುಗಡೆಯ ಬೇಡಿ', 'ಚಕ್ರತೀರ್ಥ' ಅವರ ಇತರ ಪ್ರಸಿದ್ಧ ಕಾದಂಬರಿಗಳು. ಓದುಗನನ್ನು ಹಿಡಿದು ನಿಲ್ಲಿಸುವ ಕಥನ, ನಾಟಕೀಯ ಸನ್ನಿವೇಶಗಳು ಮತ್ತು ಸಂಭಾಷಣೆಗಳು ಈ ಕೃತಿಗಳ ಜನಪ್ರಿಯತೆಗೆ ಕಾರಣವಾದವು. ಚಲನಚಿತ್ರ ನಿರ್ದೇಶಕರು ಮತ್ತೆ ಮತ್ತೆ ಅವರ ಕಾದಂಬರಿಗಳತ್ತ ತಿರುಗಿದ್ದಕ್ಕೂ ಇದೇ ಕಾರಣ.

ಕಥಾವಸ್ತುವಾದ ಊರು: ದುರ್ಗದ ನಾಯಕರು

ತ.ರಾ.ಸು. ಅವರ ಐತಿಹಾಸಿಕ ಕಾದಂಬರಿಗಳನ್ನು ಅರಿಯಲು ಅವುಗಳ ಹಿನ್ನೆಲೆಯಲ್ಲಿರುವ ನಾಯಕ ಮನೆತನದ ಪರಿಚಯ ಅಗತ್ಯ. ಬೇಡ ಸಮುದಾಯಕ್ಕೆ ಸೇರಿದ ಈ ಮನೆತನದ ಸ್ಥಾಪಕ ಮತ್ತಿಯ ತಿಮ್ಮಣ್ಣ ನಾಯಕ. ೧೬ನೆಯ ಶತಮಾನದಲ್ಲಿ ವಿಜಯನಗರದ ಅರಸರಿಂದ ಅವನು ಮೊದಲು ಹೊಳಲ್ಕೆರೆಯ, ನಂತರ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತನವನ್ನು ಪಡೆದನೆಂದು ಪರಂಪರೆಯ ವೃತ್ತಾಂತಗಳು ತಿಳಿಸುತ್ತವೆ. ವಿಜಯನಗರದ ಪಾಳೆಯದಿಂದ ಕುದುರೆಯನ್ನು ಅಪಹರಿಸಲು ಹೋದ ತಿಮ್ಮಣ್ಣ ಹುಲ್ಲಿನಲ್ಲಿ ಅಡಗಿದ್ದಾಗ, ಅದನ್ನರಿಯದ ಕುದುರೆಯಾಳು ನೆಟ್ಟ ಗೂಟ ಅವನ ಕೈಯನ್ನೇ ತೂರಿಹೋದರೂ ಅವನು ಸದ್ದು ಮಾಡಲಿಲ್ಲವೆಂಬ ಕಥೆ ಪ್ರಚಲಿತವಾಗಿದೆ. ಅವನ ಮಗ ಓಬಣ್ಣ ನಾಯಕ ಮದಕರಿ ನಾಯಕನೆಂಬ ಹೆಸರು ತಳೆದನು. ವಿಜಯನಗರ ಕುಸಿದ ಮೇಲೆ ದುರ್ಗದ ನಾಯಕರು ಸ್ವತಂತ್ರರಾಗಿ ಆಳತೊಡಗಿದರು.

೧೭ನೆಯ ಶತಮಾನದ ಕೊನೆಯ ಭಾಗದಲ್ಲಿ ಅರಮನೆಯ ಒಳಜಗಳಗಳು ಮಿತಿಮೀರಿ, ದಳವಾಯಿ ಮುದ್ದಣ್ಣನ ಕೈ ಮೇಲಾಯಿತು. ಈ ಗೊಂದಲದ ನಂತರ ಪಟ್ಟಕ್ಕೆ ಬಂದ ಭರಮಣ್ಣ ನಾಯಕ (೧೬೮೯–೧೭೨೧) ಅನೇಕ ದೇವಾಲಯಗಳನ್ನೂ ಕೆರೆಗಳನ್ನೂ ಕಟ್ಟಿಸಿದನು. ಭರಮಸಾಗರ ಅವನ ಹೆಸರನ್ನು ಇಂದಿಗೂ ಹೊತ್ತಿದೆ. ಅವನ ನಂತರ ಆಳಿದ ಹಿರೇಮದಕರಿ ನಾಯಕ ೧೭೪೮ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಮಡಿದನು. ಕಸ್ತೂರಿ ರಂಗಪ್ಪ ನಾಯಕ ೧೭೫೪ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಹೊಸದುರ್ಗ ಸೀಮೆಯ ಜಾನಕಲ್ಲಿನಿಂದ ದಾಯಾದಿ ಕುಟುಂಬದ ಬಾಲಕನೊಬ್ಬನನ್ನು ಕರೆತಂದು ಪಟ್ಟ ಕಟ್ಟಲಾಯಿತು. ಇವನೇ ದುರ್ಗದ ಕೊನೆಯ ದೊರೆ ಮದಕರಿ ನಾಯಕ.

ಮದಕರಿ ನಾಯಕನ ಕಾಲಕ್ಕೆ ಚಿತ್ರದುರ್ಗ ಎರಡು ದೊಡ್ಡ ಶಕ್ತಿಗಳ ನಡುವೆ ಸಿಲುಕಿತ್ತು. ಒಂದು ಕಡೆ ಶ್ರೀರಂಗಪಟ್ಟಣದ ಹೈದರಾಲಿ, ಇನ್ನೊಂದು ಕಡೆ ಪುಣೆಯ ಪೇಶ್ವೆಗಳು. ೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಮದಕರಿ ಅವನ ಜೊತೆಗಿದ್ದನು; ೧೭೭೦ರಲ್ಲಿ ಪೇಶ್ವೆ ಮಾಧವರಾಯನು ನಿಜಗಲ್ಲಿನ ಕೋಟೆಗೆ ಮುತ್ತಿಗೆ ಹಾಕಿದಾಗ ದುರ್ಗದ ಪಡೆ ಮರಾಠರ ಪರವಾಗಿ ಹೋರಾಡಿತು. ಹೈದರನು ಹಲವು ಬಾರಿ ದುರ್ಗದ ಮೇಲೆ ದಂಡೆತ್ತಿ ಬಂದು, ೧೭೭೯ರಲ್ಲಿ ಅದನ್ನು ವಶಪಡಿಸಿಕೊಂಡನು. ಮದಕರಿ ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು ಅಲ್ಲಿಯೇ ಕೊನೆಗೊಂಡನು. ಸಾವಿರಾರು ಬೇಡರನ್ನೂ ದುರ್ಗದ ಸೀಮೆಯಿಂದ ಎಬ್ಬಿಸಿ ಅಲ್ಲಿಗೆ ಸಾಗಿಸಲಾಯಿತು. ಎರಡು ಶತಮಾನಗಳಿಗೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರು ಅಲ್ಲಿಂದಾಚೆಗೆ ಮೈಸೂರಿನ ಒಂದು ಭಾಗವಾಯಿತು.

ಐತಿಹಾಸಿಕ ಕಾದಂಬರಿಗಳು

ಈ ಇತಿಹಾಸವನ್ನು ಆಧರಿಸಿ ತ.ರಾ.ಸು. ಎಂಟು ಕಾದಂಬರಿಗಳ ಮಾಲೆಯನ್ನು ರಚಿಸಿದರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದಕ್ಕೊಂದು ಹೊಂದಿಕೊಂಡ ಮೂರು ಕಾದಂಬರಿಗಳು. ದಳವಾಯಿ ಮುದ್ದಣ್ಣನ ಅಧಿಕಾರ ದಾಹ, ಅರಮನೆಯೊಳಗಿನ ಪಿತೂರಿ ಮತ್ತು ಕೊಲೆಗಳು, ಅವುಗಳ ವಿರುದ್ಧ ಎದ್ದ ಪ್ರತೀಕಾರ ಇವುಗಳ ವಸ್ತು. 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ' ಮತ್ತು 'ಕಸ್ತೂರಿ ಕಂಕಣ' ಕಾದಂಬರಿಗಳು ಕಥೆಯನ್ನು ಮುಂದಿನ ನಾಯಕರ ಕಾಲಕ್ಕೆ ಒಯ್ಯುತ್ತವೆ. 'ದುರ್ಗಾಸ್ತಮಾನ' ಈ ಮಾಲೆಯ ಕೊನೆಯ ಕೊಂಡಿ.

ಈ ಕಾದಂಬರಿಗಳು ಅರಸರ ಕಥೆಗಳಷ್ಟೇ ಅಲ್ಲ. ದಳವಾಯಿಗಳು, ಪ್ರಧಾನಿಗಳು, ರಾಣಿವಾಸದ ನಾಗತಿಯರು, ಬೇಹಿನವರು, ಕೋಟೆಯ ಕಾವಲಿನವರು ಇವರೆಲ್ಲರೂ ಕಥೆಯಲ್ಲಿ ಪಾಲುಗೊಳ್ಳುತ್ತಾರೆ. ಘಟನೆಗಳು ನಡೆಯುವ ಬಾಗಿಲು, ಬತೇರಿ, ಗುಡಿ, ಹೊಂಡಗಳು ಓದುಗನು ಇಂದು ಹೋಗಿ ನೋಡಬಹುದಾದ ಸ್ಥಳಗಳೇ ಆಗಿವೆ. ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಗೆ ವಿಜಯನಗರದಂತಹ ಸಾಮ್ರಾಜ್ಯಗಳು ಮುಖ್ಯ ವಸ್ತುವಾಗಿದ್ದ ಕಾಲದಲ್ಲಿ, ಒಂದು ಪಾಳೆಯಪಟ್ಟಿನ ಇತಿಹಾಸವೂ ಅಷ್ಟೇ ವಿಸ್ತಾರವಾದ ಕಥನಕ್ಕೆ ಅರ್ಹವೆಂದು ಈ ಮಾಲೆ ತೋರಿಸಿಕೊಟ್ಟಿತು.

ದುರ್ಗದ ಹೊರಗಿನ ಇತಿಹಾಸವನ್ನು ಕುರಿತೂ ತ.ರಾ.ಸು. ಬರೆದಿದ್ದಾರೆ. 'ನೃಪತುಂಗ' ರಾಷ್ಟ್ರಕೂಟ ದೊರೆಯನ್ನು ಕುರಿತದ್ದು. 'ಶಿಲ್ಪಶ್ರೀ'ಗೆ ಶ್ರವಣಬೆಳಗೊಳದ ಹಿನ್ನೆಲೆಯಿದೆ.

ಹಂಸಗೀತೆ

೧೯೫೨ರಲ್ಲಿ ಪ್ರಕಟವಾದ 'ಹಂಸಗೀತೆ' ತ.ರಾ.ಸು. ಅವರಿಗೆ ಕರ್ನಾಟಕದ ಹೊರಗೂ ಹೆಸರು ತಂದ ಕಾದಂಬರಿ. ಇದರ ನಾಯಕ ಭೈರವಿ ವೆಂಕಟಸುಬ್ಬಯ್ಯನೆಂಬ ಸಂಗೀತಗಾರ. ನಾಯಕರ ಆಳ್ವಿಕೆ ಮುಗಿದು ಚಿತ್ರದುರ್ಗ ಶ್ರೀರಂಗಪಟ್ಟಣದ ಅಧೀನವಾದ ಕಾಲವೇ ಕಾದಂಬರಿಯ ಕಾಲ. ಅಧಿಕಾರದ ಆಜ್ಞೆಗೆ ಮಣಿದು ಹಾಡಲೊಪ್ಪದ ವೆಂಕಟಸುಬ್ಬಯ್ಯ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡನೆಂಬ ಐತಿಹ್ಯ ಇದರ ತಿರುಳು.

ರಾಜ್ಯ ಅಳಿದ ಮೇಲೆ ಆ ರಾಜ್ಯದ ಕಲಾವಿದ ಯಾರಿಗಾಗಿ ಹಾಡಬೇಕು ಎಂಬುದು ಕಾದಂಬರಿ ಎತ್ತುವ ಪ್ರಶ್ನೆ. ದೊರೆ ಸೆರೆಯಾಗಿದ್ದಾನೆ, ದಂಡು ಚದುರಿದೆ. ಸೋತ ಊರಿನಲ್ಲಿ ಸೋಲನ್ನೊಪ್ಪದೆ ಉಳಿದಿರುವುದು ಒಬ್ಬ ಹಾಡುಗಾರನ ಕಂಠ ಮಾತ್ರ. ಅದನ್ನೂ ಒಪ್ಪಿಸಬೇಕಾದ ಸಂದರ್ಭ ಬಂದಾಗ ಅವನು ಒಪ್ಪಿಸುವ ಬದಲು ಕಳೆದುಕೊಳ್ಳುತ್ತಾನೆ.

ಈ ಕಾದಂಬರಿಯನ್ನು ಆಧರಿಸಿ ೧೯೫೬ರಲ್ಲಿ 'ಬಸಂತ್ ಬಹಾರ್' ಎಂಬ ಹಿಂದಿ ಚಲನಚಿತ್ರ ತಯಾರಾಯಿತು. ಶಂಕರ್-ಜೈಕಿಶನ್ ಸಂಗೀತದ ಈ ಚಿತ್ರದಲ್ಲಿ ಭೀಮಸೇನ ಜೋಶಿ ಮತ್ತು ಮನ್ನಾ ಡೇ ಅವರು ಸ್ಪರ್ಧೆಯ ಸನ್ನಿವೇಶಕ್ಕೆ ಹಾಡಿದ ಜುಗಲಬಂದಿ ಪ್ರಸಿದ್ಧವಾಗಿದೆ. ೧೯೭೫ರಲ್ಲಿ ಜಿ.ವಿ. ಅಯ್ಯರ್ ಅವರು ಅನಂತನಾಗ್ ಅವರನ್ನು ಮುಖ್ಯ ಪಾತ್ರದಲ್ಲಿರಿಸಿ 'ಹಂಸಗೀತೆ'ಯನ್ನು ಕನ್ನಡದಲ್ಲಿ ತೆರೆಗೆ ತಂದರು. ಈ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿಯೂ, ಇದರಲ್ಲಿ ಹಾಡಿದ ಎಂ. ಬಾಲಮುರಳಿಕೃಷ್ಣ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿಯೂ ಲಭಿಸಿದವು.

ನಾಗರಹಾವು ಮತ್ತು ಒನಕೆ ಓಬವ್ವ

ತ.ರಾ.ಸು. ಅವರ ಸಾಮಾಜಿಕ ಕಾದಂಬರಿಗಳಲ್ಲಿಯೂ ಚಿತ್ರದುರ್ಗ ಕಾಣಿಸಿಕೊಳ್ಳುತ್ತದೆ. 'ನಾಗರಹಾವು' ಕಾದಂಬರಿಯ ರಾಮಾಚಾರಿ ದುರ್ಗದ ಮುಂಗೋಪಿ ತರುಣ. ಅವನ ಒಳ್ಳೆಯತನವನ್ನು ಗುರುತಿಸಿದವರು ಚಾಮಯ್ಯ ಮೇಷ್ಟ್ರು. ಎಸ್.ಆರ್. ಪುಟ್ಟಣ್ಣ ಕಣಗಾಲ್ ಅವರು 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದು ೧೯೭೨ರಲ್ಲಿ 'ನಾಗರಹಾವು' ಚಲನಚಿತ್ರವನ್ನು ನಿರ್ದೇಶಿಸಿದರು. ವಿಷ್ಣುವರ್ಧನ್ ನಾಯಕನಟರಾಗಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು ಮತ್ತು ಅಂಬರೀಷ್ ಚಿತ್ರರಂಗವನ್ನು ಪ್ರವೇಶಿಸಿದ್ದು ಇದೇ ಚಿತ್ರದಲ್ಲಿ. ಕೋಟೆಯಲ್ಲಿಯೇ ಚಿತ್ರೀಕರಣಗೊಂಡ ಈ ಚಿತ್ರ ಅಪಾರ ಯಶಸ್ಸು ಗಳಿಸಿ, ದುರ್ಗವನ್ನು ಕಾಣದವರಿಗೂ ಅದರ ಬಂಡೆಗಳನ್ನು ಪರಿಚಯಿಸಿತು. ಆದರೆ ತಮ್ಮ ಕಥೆ ತೆರೆಯ ಮೇಲೆ ಬದಲಾದ ರೀತಿ ತ.ರಾ.ಸು. ಅವರಿಗೆ ಹಿಡಿಸಲಿಲ್ಲ, ತಮ್ಮ ಅಸಮಾಧಾನವನ್ನು ಅವರು ಬಹಿರಂಗವಾಗಿಯೇ ವ್ಯಕ್ತಪಡಿಸಿದರು.

ಒನಕೆ ಓಬವ್ವನ ಕಥೆ ನಾಡಿನ ಮನೆಮನೆಗೆ ತಲುಪಿದ್ದು ಬಹುಮಟ್ಟಿಗೆ ಈ ಚಿತ್ರದ ಮೂಲಕ. ಐತಿಹ್ಯದ ಪ್ರಕಾರ ಓಬವ್ವ ಕೋಟೆಯ ಕಹಳೆಯವನಾದ ಮುದ್ದಹನುಮನ ಹೆಂಡತಿ. ಗಂಡ ಊಟಕ್ಕೆ ಮನೆಗೆ ಬಂದಿದ್ದಾಗ ನೀರು ತರಲು ಹೋದ ಅವಳು, ಬಂಡೆಗಳ ನಡುವಿನ ಕಿಂಡಿಯಲ್ಲಿ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುತ್ತಿರುವುದನ್ನು ಕಂಡು, ಒನಕೆಯಿಂದ ಅವರನ್ನು ಹೊಡೆದು ಕೊಂದಳು; ಕೊನೆಗೆ ತಾನೂ ಪ್ರಾಣ ತೆತ್ತಳು. ಚಿತ್ರದಲ್ಲಿ ಜಯಂತಿ ಅವರು ಓಬವ್ವನಾಗಿ ಅಭಿನಯಿಸಿದ ಹಾಡಿನ ದೃಶ್ಯ ಇಂದಿಗೂ ಜನಪ್ರಿಯ. ಕೋಟೆಯಲ್ಲಿ ಆ ಸ್ಥಳವನ್ನು ಒನಕೆ ಕಿಂಡಿಯೆಂದು ಗುರುತಿಸಲಾಗುತ್ತದೆ. ನಗರದ ಕ್ರೀಡಾಂಗಣಕ್ಕೂ ಅವಳ ಹೆಸರಿದೆ. ೨೦೨೧ರಿಂದ ಕರ್ನಾಟಕ ಸರ್ಕಾರ ನವೆಂಬರ್ ೧೧ರಂದು ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ.

ದುರ್ಗಾಸ್ತಮಾನ

೧೯೮೨ರಲ್ಲಿ ಪ್ರಕಟವಾದ 'ದುರ್ಗಾಸ್ತಮಾನ' ತ.ರಾ.ಸು. ಅವರ ಬೃಹತ್ ಕಾದಂಬರಿ. ಜಾನಕಲ್ಲಿನ ಬಾಲಕ ಮದಕರಿ ದುರ್ಗದ ದೊರೆಯಾದಲ್ಲಿಂದ ದುರ್ಗದ ಪತನದವರೆಗಿನ ಅವಧಿ ಇದರ ವಸ್ತು. ಹಿರಿಯ ರಾಣಿ ಓಬವ್ವ ನಾಗತಿ, ಪ್ರಧಾನಿ ಕಳ್ಳಿ ನರಸಪ್ಪಯ್ಯ, ಮದಕರಿಯ ತಮ್ಮ ಪರಶುರಾಮ ನಾಯಕ ಮೊದಲಾದವರು ಇದರ ಮುಖ್ಯ ಪಾತ್ರಗಳು. ಓಬವ್ವ ನಾಗತಿ ಮತ್ತು ಒನಕೆ ಓಬವ್ವ ಬೇರೆ ಬೇರೆ ವ್ಯಕ್ತಿಗಳು: ಒಬ್ಬಳು ಅರಮನೆಯಲ್ಲಿ ಬಾಲಕ ದೊರೆಯ ಬೆನ್ನಿಗೆ ನಿಂತವಳು, ಇನ್ನೊಬ್ಬಳು ಕೋಟೆಯ ಕಾವಲಿನವನ ಹೆಂಡತಿ.

ಕಾದಂಬರಿಯ ಕೊನೆ ಏನೆಂಬುದು ಶೀರ್ಷಿಕೆಯಿಂದಲೇ ಓದುಗನಿಗೆ ತಿಳಿದಿರುತ್ತದೆ. ಆದ್ದರಿಂದ ದುರ್ಗ ಬೀಳುತ್ತದೆಯೇ ಎಂಬುದಕ್ಕಿಂತ ಹೇಗೆ ಬಿದ್ದಿತು ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. ಹೈದರ್ ಮತ್ತು ಪೇಶ್ವೆಗಳ ನಡುವೆ ಸಣ್ಣ ಸಂಸ್ಥಾನವೊಂದು ಯಾರ ಪಕ್ಷ ಹಿಡಿದರೂ ಇನ್ನೊಬ್ಬರ ಹಗೆ ತಪ್ಪದ ಸ್ಥಿತಿ, ಆಸ್ಥಾನದೊಳಗಿನ ಅಪನಂಬಿಕೆ, ಮೇಲಿಂದ ಮೇಲೆ ಬಂದ ಮುತ್ತಿಗೆಗಳಿಂದ ಕುಗ್ಗಿದ ಬಲ ಇವೆಲ್ಲ ಸೇರಿ ಪತನಕ್ಕೆ ದಾರಿಯಾಗುತ್ತವೆ.

ದುರ್ಗದ ಪತನ ತ.ರಾ.ಸು. ಅವರಿಗೆ ಹೊಸ ವಸ್ತುವೇನೂ ಆಗಿರಲಿಲ್ಲ. ಮೂವತ್ತು ವರ್ಷಗಳ ಹಿಂದೆಯೇ 'ಹಂಸಗೀತೆ'ಯಲ್ಲಿ ಅವರು ಪತನದ ನಂತರದ ಊರನ್ನು ಚಿತ್ರಿಸಿದ್ದರು. ಅಲ್ಲಿ ಒಬ್ಬ ಕಲಾವಿದನ ಮೂಲಕ ಪರೋಕ್ಷವಾಗಿ ಕಂಡ ಸೋಲನ್ನು, 'ದುರ್ಗಾಸ್ತಮಾನ'ದಲ್ಲಿ ದೊರೆಯ ಮೂಲಕ ನೇರವಾಗಿ ಎದುರಿಸಿದರು. ಈ ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಿದಾಗ ೧೭೭೯ರ ಒಂದೇ ಘಟನೆ ಅವರ ಬರವಣಿಗೆಯ ಬದುಕನ್ನು ಎಷ್ಟು ಆವರಿಸಿತ್ತೆಂಬುದು ಸ್ಪಷ್ಟವಾಗುತ್ತದೆ.

ಇತಿಹಾಸ ಮತ್ತು ಕಲ್ಪನೆ

ತ.ರಾ.ಸು. ಅವರ ಕಾದಂಬರಿಗಳಿಗೆ ಬಖೈರು, ಶಾಸನ, ಲಾವಣಿ ಮತ್ತು ಬಾಯಿಮಾತಿನ ಐತಿಹ್ಯಗಳ ಆಧಾರವಿದೆ. ಆದರೆ ಇವುಗಳ ಪ್ರಾಮಾಣ್ಯ ಒಂದೇ ತೆರನಾದದ್ದಲ್ಲ. ಮಾಯಕೊಂಡದ ಯುದ್ಧ, ೧೭೭೯ರ ಪತನ ಮೊದಲಾದ ಘಟನೆಗಳಿಗೆ ದುರ್ಗದ ಹೊರಗಿನ ದಾಖಲೆಗಳೂ ದೊರೆಯುತ್ತವೆ. ಒನಕೆ ಓಬವ್ವ ಮತ್ತು ಭೈರವಿ ವೆಂಕಟಸುಬ್ಬಯ್ಯನ ವೃತ್ತಾಂತಗಳು ಮುಖ್ಯವಾಗಿ ಊರಿನ ನೆನಪಿನಲ್ಲಿ ಉಳಿದು ಬಂದವು. ಪಾತ್ರಗಳ ಮಾತು, ಮನಸ್ಸಿನ ತುಮುಲ, ಏಕಾಂತದ ಸನ್ನಿವೇಶಗಳು ಕಾದಂಬರಿಕಾರನ ಸೃಷ್ಟಿ.

ಕಾದಂಬರಿ ಮತ್ತು ಚಲನಚಿತ್ರಗಳ ಜನಪ್ರಿಯತೆಯಿಂದಾಗಿ ಈ ಮೂರೂ ಇಂದು ಬೆರೆತುಹೋಗಿವೆ. ಕೋಟೆಗೆ ಬರುವ ಅನೇಕರು ಅದನ್ನು ಕಾಣುವುದು ತ.ರಾ.ಸು. ಕಟ್ಟಿಕೊಟ್ಟ ಕಥೆಯ ಮೂಲಕವೇ. ಇದರಿಂದ ಇತಿಹಾಸಕಾರನ ಕೆಲಸ ಒಂದು ರೀತಿಯಲ್ಲಿ ಕಠಿಣವಾಗಿದೆ: ದಾಖಲೆ ಎಲ್ಲಿ ಮುಗಿದು ಕಥೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಇನ್ನೊಂದು ರೀತಿಯಲ್ಲಿ, ಗ್ಯಾಸೆಟಿಯರಿನ ಕೆಲವು ಸಾಲುಗಳಲ್ಲಿ ಮುಗಿಯಬಹುದಾಗಿದ್ದ ಪಾಳೆಯಪಟ್ಟಿನ ಚರಿತ್ರೆಯನ್ನು ಸಾಮಾನ್ಯ ಓದುಗರು ಹೆಸರು ಹಿಡಿದು ನೆನೆಯುವಂತಾದದ್ದು ಇದೇ ಕಥೆಗಳಿಂದ. ತಿಮ್ಮಣ್ಣ ನಾಯಕನಿಂದ ಮದಕರಿಯವರೆಗಿನ ದೊರೆಗಳ ಜೊತೆಗೆ ಕಾವಲಿನವನ ಹೆಂಡತಿಗೂ, ಹಾಡುಗಾರನಿಗೂ ಆ ನೆನಪಿನಲ್ಲಿ ಸಮಾನ ಸ್ಥಾನ ದೊರೆತದ್ದಕ್ಕೆ ಪ್ರಗತಿಶೀಲ ಲೇಖಕನ ದೃಷ್ಟಿಯೂ ಕಾರಣವೆನ್ನಬಹುದು.

ನಿಧನ ಮತ್ತು ಗೌರವ

'ದುರ್ಗಾಸ್ತಮಾನ' ಪ್ರಕಟವಾದ ಎರಡು ವರ್ಷಗಳಲ್ಲಿ, ೧೯೮೪ರ ಏಪ್ರಿಲ್ ೧೦ರಂದು ತ.ರಾ.ಸು. ನಿಧನರಾದರು. ಅರವತ್ತನಾಲ್ಕು ವರ್ಷ ತುಂಬಲು ಆಗ ಹನ್ನೊಂದು ದಿನಗಳು ಉಳಿದಿದ್ದವು. ಮರುವರ್ಷ ಈ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಘೋಷಣೆಯಾಯಿತು. ಅದೇ ವರ್ಷ 'ಮಸಣದ ಹೂ' ಚಲನಚಿತ್ರವೂ ತೆರೆಕಂಡಿತು. ಅದನ್ನು ನಿರ್ದೇಶಿಸುತ್ತಿದ್ದ ಪುಟ್ಟಣ್ಣ ಕಣಗಾಲ್ ಅವರು ಚಿತ್ರ ಮುಗಿಯುವ ಮುನ್ನವೇ ೧೯೮೫ರ ಜೂನ್‌ನಲ್ಲಿ ತೀರಿಕೊಂಡಿದ್ದರಿಂದ ಕೆ.ಎಸ್.ಎಲ್. ಸ್ವಾಮಿ ಅವರು ಅದನ್ನು ಪೂರ್ಣಗೊಳಿಸಿದರು. ೧೯೯೩ರಲ್ಲಿ ಟಿ.ಎಸ್. ನಾಗಾಭರಣ ಅವರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ, ರಾಜ್‌ಕುಮಾರ್ ಅಭಿನಯದ 'ಆಕಸ್ಮಿಕ' ಚಿತ್ರವನ್ನು ನಿರ್ದೇಶಿಸಿದರು. ೨೦೨೦ನೆಯ ಇಸವಿ ತ.ರಾ.ಸು. ಅವರ ಜನ್ಮಶತಮಾನೋತ್ಸವದ ವರ್ಷ.

ಚಿತ್ರದುರ್ಗದ ಕಾದಂಬರಿ ಮಾಲೆ

ಕಂಬನಿಯ ಕುಯಿಲು
ರಕ್ತರಾತ್ರಿ
ತಿರುಗುಬಾಣ
ಹೊಸಹಗಲು
ವಿಜಯೋತ್ಸವ
ರಾಜ್ಯದಾಹ
ಕಸ್ತೂರಿ ಕಂಕಣ
ದುರ್ಗಾಸ್ತಮಾನ

ಕಾದಂಬರಿ ಆಧಾರಿತ ಪ್ರಮುಖ ಚಲನಚಿತ್ರಗಳು

ಬಸಂತ್ ಬಹಾರ್ (ಹಿಂದಿ, ೧೯೫೬)
ಚಂದವಳ್ಳಿಯ ತೋಟ (೧೯೬೪)
ಚಕ್ರತೀರ್ಥ (೧೯೬೭)
ನಾಗರಹಾವು (೧೯೭೨)
ಹಂಸಗೀತೆ (೧೯೭೫)
ಗಾಳಿಮಾತು (೧೯೮೧)
ಮಸಣದ ಹೂ (೧೯೮೫)
ಆಕಸ್ಮಿಕ (೧೯೯೩)